ಬೆಂಕಿ ಇಲ್ಲದ ಪಾತಾಳ

ನಮ್ಮ ಭಾವನವರಿಗೆ ಪಾತಾಳದಲ್ಲಿ ಬಹಳ ದೊಡ್ಡ ವಶೀಲಿ ಇದೆ!

ನಗಬೇಡಿ. ಜಿಲ್ಲಾ ಕಚೇರಿಯಲ್ಲಿ ವಶೀಲಿ ಇರುವವರು ನಮ್ಮ ಸಿಂಧನೂರಿನ ಪ್ರತಿ ಚಹಾದ ಅಂಗಡಿಯಲ್ಲೂ ಕೂತಿರುತ್ತಾರೆ. ಬೆಂಗಳೂರಿನಲ್ಲಿ ವಶೀಲಿ ಇರುವವರು ಚಹಾ ಕುಡಿದು ದುಡ್ಡು ಕೊಡದೆ ಎದ್ದು ಹೋಗುತ್ತಾರೆ. ಆದರೆ ಸತ್ತವನೊಬ್ಬನನ್ನು ನರಕದಿಂದ ಬೇರೆ ಕಡೆಗೆ ವರ್ಗ ಮಾಡಿಸಿದ ಮನುಷ್ಯ ಯಾರಾದರೂ ಇದ್ದರೆ ಅದು ನಮ್ಮ ಅಕ್ಕನ ಗಂಡ ಒಬ್ಬರೇ. ಅದೂ ಯಾರಿಗೂ ಚಹಾ ಕುಡಿಸದೆ!

ಭಾವ ನಿವೃತ್ತರಾಗಿದ್ದು ಕಾಲುವೆಯ ಕಚೇರಿಯೊಂದರಿಂದ. ವರ್ಗಾವಣೆ, ರಜೆ, ಬಡ್ತಿಗಳ ಕಡತ ನೋಡುವುದು ಅವರ ಕೆಲಸವಾಗಿತ್ತು. ಕಚೇರಿ ಅವರನ್ನು ಬಿಟ್ಟಿತು, ಅವರು ಮಾತ್ರ ಕಚೇರಿಯನ್ನು ಬಿಡಲಿಲ್ಲ. ಅಕ್ಕ "ಪಲ್ಯಾಕ್ಕ ಉಪ್ಪು ಸರಿ ಆಗೇತೇನ್ರಿ?" ಎಂದು ಕೇಳಿದರೆ "ಪರಿಶೀಲನೆಯಲ್ಲಿದೆ" ಎನ್ನುತ್ತಾರೆ. ಮೊಮ್ಮಗಳು ಹುಟ್ಟಿದಾಗ ಇಡೀ ಓಣಿಗೆ ಕೇಳುವಂತೆ "ಹಾಜರಾದಳು" ಎಂದರು. ಮಗುವಿನ ಹೆಸರು ಏನೆಂದು ಕೇಳಿದವರಿಗೆ "ಆದೇಶ ಬರಬೇಕು" ಎಂದರು. ಮೇ ತಿಂಗಳಲ್ಲೂ ಕೊರಳಿಗೆ ಉಣ್ಣೆಯ ಮಫ್ಲರ್ ಸುತ್ತಿಕೊಳ್ಳುತ್ತಾರೆ. ಯಾಕೆಂದರೆ, "ಬಿಸಿಲು ಒಳಗ ಬರಬಾರದಲ್ಲ, ಅದಕ್ಕ!"

ನಾನೋ, ಲಿಂಗಸೂಗೂರಿನ ಬೋರ್ಡಿಂಗ್ ಹಾಸ್ಟೆಲಿನಲ್ಲಿ ಗಂಟೆಯ ಸದ್ದಿಗೆ ಎದ್ದು, ಗಂಟೆಯ ಸದ್ದಿಗೆ ಉಂಡು, ಗಂಟೆಯ ಸದ್ದಿಗೆ ಮಲಗಿ ಬೆಳೆದವನು. ಮುಂದೆ ಮಾಸ್ತರನಾಗಿ ಬೇರೆಯವರ ಮಕ್ಕಳಿಗೆ ಗಂಟೆ ಬಾರಿಸಿದವನು. ನನ್ನ ಹೆಂಡತಿ ಕುಕ್ಕರಿನ ಸೀಟಿಯನ್ನು ನಂಬುವುದಿಲ್ಲ, ಸ್ನಾನ ಮುಗಿಸಿ ಬಂದ ನನ್ನ ಕೆಮ್ಮನ್ನು ನಂಬಿ ಒಲೆ ಆರಿಸುತ್ತಾಳೆ. ಇಂಥ ನನ್ನ ಮನೆಗೆ ಭಾವ ಬರುವುದು ಸರಿಯಾಗಿ ನಾನು ಮೊದಲ ತುತ್ತು ಮುರಿಯುವ ಹೊತ್ತಿಗೆ. ಅವರ ಬದುಕಿನಲ್ಲಿ ಶಿಸ್ತು ಅಂತ ಇರುವುದು ಇದೊಂದೇ!

ಪಾತಾಳದ ವ್ಯವಹಾರ ಶುರುವಾದದ್ದು ಹೋದ ವರ್ಷ, ಭಾವನ ತಮ್ಮ ತೀರಿಕೊಂಡಾಗ.

ತಮ್ಮ ಕುಡುಕ. ಸಾದಾ ಕುಡುಕನಲ್ಲ, ಹಾಲು ಕರೆಯುವ ಎಮ್ಮೆಯನ್ನು ಹಗ್ಗದ ಸಮೇತ ಮಾರಿ ಬಂದವನು. "ಹಗ್ಗಾನಾದ್ರೂ ತರಬೇಕಿಲ್ಲೇನಲೇ?" ಎಂದು ಅಣ್ಣ ಕೇಳಿದರೆ, "ಹಗ್ಗ ಇಲ್ದ ಅದು ಹೋಗವಲ್ದಾಗಿತ್ತು" ಎಂದನಂತೆ. ಕಡೆಗೆ ಹೆತ್ತ ತಾಯಿಯ ಕಿವಿಯ ಬೆಂಡೋಲೆಯನ್ನೂ ಮಾರಿದ. ಅವತ್ತಿನಿಂದ ಭಾವ ಅವನ ಕೂಡ ಮಾತು ಬಿಟ್ಟರು. ಒಂದೇ ಓಣಿ, ಎದುರುಬದುರು ಬಾಗಿಲು. ಆದರೂ "ಅವನ ಮಾರಿ ನೋಡೂದಿಲ್ಲ" ಅಂದವರು ಮಣ್ಣು ಕೊಡುವ ದಿನ ಕೂಡ ಮಫ್ಲರಿನಲ್ಲಿ ಕಣ್ಣು ಮುಚ್ಚಿಕೊಂಡೇ ಒಂದು ಹಿಡಿ ಮಣ್ಣು ಹಾಕಿದರು.

ಮೂರನೆಯ ದಿನ ಹಾಲು ತುಪ್ಪ ಬಿಟ್ಟು ಬಂದು ಎಲ್ಲರೂ ಊಟಕ್ಕೆ ಕೂತಿದ್ದೆವು. ಮಸ್ಕಿಯಿಂದ ಬಂದಿದ್ದ ಚಿಗವ್ವ, ಅಂದರೆ ಭಾವನ ತಾಯಿಯ ತಂಗಿ, ಎರಡನೇ ಸಲ ಹುಗ್ಗಿ ಹಾಕಿಸಿಕೊಳ್ಳುತ್ತ ಹೇಳಿದಳು: "ಏನರ ಅನ್ರಿ, ಅವಗ ನರಕನ ಗತಿ. ಬೆಂಕ್ಯಾಗ ಬೇಯಾಕತ್ತಾನ ನೋಡ್ರಿ ಈಗ. ಇನ್ನೊಂದೀಟು ತುಪ್ಪ ಹಾಕ್ಬೇ."

ಒಳಗೆ ಕೂತಿದ್ದ ಅವ್ವನ ಕಿವಿಗೆ ಈ ಮಾತು ಬಿತ್ತು. ಅವ್ವ ಅಂದರೆ ಭಾವನ ತಾಯಿ. ಎಂಬತ್ತು ದಾಟಿದ ಜೀವ. ಮರುದಿನ ಮಟಮಟ ಮಧ್ಯಾಹ್ನ ಒಂದು ಕೊಡ ನೀರು ಎತ್ತಿಕೊಂಡು ಸುಡುಗಾಡಿನ ಕಡೆ ನಡೆದಳು. ಮಗನನ್ನು ಹೂತ ಕುಣಿಯ ಮೇಲೆ ಅಷ್ಟೂ ನೀರು ಸುರಿದು ಬಂದಳು.

"ಏನು ಮಾಡಿ ಬಂದ್ಯವ್ವಾ?"

"ಬೆಂಕಿ ಹತ್ತಿದವನ ಮ್ಯಾಲ ನೀರು ಹಾಕಬೇಕೋ ಬ್ಯಾಡೋ?"

ಇದಕ್ಕೆ ಯಾವ ಇಲಾಖೆಯಲ್ಲಿ ಉತ್ತರ ಇದೆ, ಹೇಳಿ!

ಅದು ದಿನದ ಕೆಲಸವಾಯಿತು. ಅದೂ ನಡು ಮಧ್ಯಾಹ್ನವೇ, ಯಾಕೆಂದರೆ ಉರಿ ಹೆಚ್ಚಿರುವುದು ಆಗಲೇ. ಕಾಲುವೆಯ ಕೊನೆಯಂಚಿನ ಗದ್ದೆಗಳಿಗೆ ನೀರು ಮುಟ್ಟುವುದಿಲ್ಲವೆಂದು ರೈತರು ಪ್ರತಿ ವರ್ಷ ಧರಣಿ ಕೂಡುತ್ತಾರೆ. ಭಾವನ ತಮ್ಮನ ಕುಣಿಗೆ ಮಾತ್ರ ಒಂದು ದಿನವೂ ತಪ್ಪದೆ ನೀರು! ಮೂರು ಮೊಳದ ಜಾಗದಲ್ಲಿ ಗರಿಕೆ ಹಸಿರಾಗಿ ಎದ್ದಿತು. ದಾರಿಯಲ್ಲಿ ಹೋಗುವ ಕುರಿಯವರು "ಯಾರದೋ ಪುಣ್ಯವಂತರದು" ಎಂದು ಕೈಮುಗಿಯತೊಡಗಿದರು.

ನಗುವ ಮಾತು ಅಲ್ಲಿಗೆ ಮುಗಿಯಿತು. ಬೇಸಿಗೆ ಏರಿದಾಗ ಒಂದು ದಿನ ಅವ್ವ ದಾರಿಯಲ್ಲೇ ಬಿದ್ದಳು. ಆಟೊದವನೊಬ್ಬ ಎತ್ತಿಕೊಂಡು ಬಂದು ಮನೆಗೆ ಮುಟ್ಟಿಸಿದ. "ಇನ್ನೊಮ್ಮೆ ಹಿಂಗ ಬಿಸಿಲಿಗೆ ಹೋದ್ರ ನಮ್ಮ ಕೈಯಾಗ ಏನೂ ಇಲ್ಲ" ಎಂದರು ಡಾಕ್ಟರು. ಭಾವ ಕೊಡ ಬಚ್ಚಿಟ್ಟರು. ಅವ್ವ ಚಂಬು ಹಿಡಿದು ಹೊರಟಳು. ಚಂಬು ಬಚ್ಚಿಟ್ಟರು, ಮೊಮ್ಮಗಳ ಶಾಲೆಯ ಬಾಟಲಿ ಕೊರಳಿಗೆ ಹಾಕಿಕೊಂಡು ಹೊರಟಳು. ಆಳಿನ ಕೈಲಿ ನೀರು ಹಾಕಿಸುತ್ತೇನೆ ಎಂದರೆ ಕೇಳಲಿಲ್ಲ.

"ಬ್ಯಾರೆಯವರ ಕೈನೀರು ಅವಗ ಮುಟ್ಟೂದಿಲ್ಲ. ನೀ ಹೋಗ್ತಿಯೇನು, ಒಡಹುಟ್ಟಿದಾಂವ?"

ಭಾವ ಮಫ್ಲರ್ ಸರಿಮಾಡಿಕೊಂಡರು. "ಅದೊಂದು ಬಿಟ್ಟು ಏನರ ಹೇಳು."

ಭಾವನ ಮನೆಯಲ್ಲಿ ದೇವರ ಜಗಲಿಯಿಂದ ಹಳೆಯ ದೇವರುಗಳು ಇಳಿದು ಬುದ್ಧ ಬಂದು ಕೂತು ಬಹಳ ವರ್ಷವಾಯಿತು. ಅವ್ವ ಅವನಿಗೂ ಕುಂಕುಮ ಹಚ್ಚುತ್ತಾಳೆ. ಅವನೂ ಬೇಡ ಅನ್ನುವುದಿಲ್ಲ. ಹೀಗಾಗಿ ಭಾವ ಮೊದಲು ನೇರ ದಾರಿಯನ್ನೇ ಹಿಡಿದರು.

"ಯವ್ವಾ, ನರಕ ಅನ್ನೂದ ಇಲ್ಲಬೇ. ಎಲ್ಲಾ ಸುಳ್ಳು."

"ಹಂಗಾರ ನನ್ನ ಮಗ ಎಲ್ಲಿ ಅದಾನ?"

"ಎಲ್ಲೂ ಇಲ್ಲ."

"ಎಲ್ಲೂ ಇಲ್ಲ!" ಅವ್ವ ನನ್ನ ಕಡೆ ತಿರುಗಿದಳು. "ಕೇಳಿದೇನಪಾ ಮಾಸ್ತರ ಇವನ ಮಾತು? ಬೆಂಕ್ಯಾಗರ ಇದ್ದ. ಅದನ್ನೂ ಕಸಗೊಂಡ!"

ಆ ಸಂಜೆ ಭಾವ ನಮ್ಮ ಮನೆಗೆ ಬಂದರು, ನಾನು ರೊಟ್ಟಿ ಮುರಿದಿದ್ದೆ ಎಂದು ಬೇರೆ ಹೇಳಬೇಕಾಗಿಲ್ಲ. ಗಂಭೀರವಾಗಿ ಕೂತು ಹೇಳಿದರು: "ತಪ್ಪು ನನ್ನದ ಮಾಸ್ತರ. ಖಾಲಿ ಜಾಗ ತೋರಸ್ದ ಯಾರನ್ನೂ ವರ್ಗ ಮಾಡಾಕ ಬರೂದಿಲ್ಲ. ಇರೂ ಜಾಗದಿಂದ ತಗದ್ರ ಇನ್ನೊಂದು ಜಾಗ ಕೊಡಬೇಕು. ನೆಲದ ಕೆಳಗ, ಆದ್ರ ಬೆಂಕಿ ಇರಬಾರದು. ಅಂಥಾದ್ದೊಂದು ಎಲ್ಲೈತಿ?"

"ಸಿಂಧನೂರಿನಾಗಂತೂ ಇಲ್ಲ" ಎಂದಳು ನನ್ನ ಹೆಂಡತಿ, ಬೀಸಣಿಗೆ ಬೀಸಿಕೊಳ್ಳುತ್ತ.

ಜಾಗ ಹುಡುಕುವ ಮೊದಲು ಭಾವನಿಗೆ ಇನ್ನೊಂದು ಯೋಚನೆ ಬಂತು. ಮಾತು ಆಡಿದವರೇ ಮಾತು ವಾಪಸ್ ತೆಗೆದುಕೊಂಡರೆ? ನನ್ನನ್ನೂ ಎಳೆದುಕೊಂಡು ಮಸ್ಕಿಗೆ ಹೋದರು. ಚಿಗವ್ವ ಒಲೆಯ ಮುಂದೆ ಕೂತು ಮಿರ್ಚಿ ಕರಿಯುತ್ತಿದ್ದಳು.

"ಚಿಗವ್ವಾ, ಅವತ್ತು ಬೆಂಕಿ ಅಂದಿದ್ದಿಯಲ್ಲ, ಅದು ತಪ್ಪಿ ಬಂದ ಮಾತು ಅಂತ ಅವ್ವಗ ಒಂದು ಫೋನ್ ಹಚ್ಚಿ ಹೇಳಿಬಿಡು."

"ಯಾಕ ಹೇಳಲಿ? ನಾ ಕಂಡದ್ದನ್ನ ಅಂದೀನಿ."

"ಎಲ್ಲಿ ಕಂಡಿ?"

"ಟಿವ್ಯಾಗ! ನಾಕು ಸಲ ನೋಡೀನಿ. ಬರೇ ಬೆಂಕಿ ಅಲ್ಲಪಾ, ಎಣ್ಣಿ ಕಡಾಯಿನೂ ಇರತೈತಿ. ಅದರಾಗ ಬಿಟ್ಟು, ಒಂದು ಮಗ್ಗಲ ಕೆಂಪಾದ ಮ್ಯಾಲ ಹಿಂಗ ಹೊಳ್ಳಿಸಿ ಹಾಕ್ತಾರ" ಎನ್ನುತ್ತ ಝಾರೆಯಿಂದ ಒಂದು ಮಿರ್ಚಿಯನ್ನು ಹೊರಳಿಸಿ ತೋರಿಸಿದಳು. "ತಗೋರಿ, ಬಿಸಿ ಅದಾವು."

ಭಾವ ಮುಟ್ಟಲಿಲ್ಲ. ಅವರ ಪಾಲಿನದನ್ನೂ ನಾನೇ ತಿಂದೆ. ಮಾಡಿದ ಅಡುಗೆ ಕೆಡಿಸಬಾರದು ಎಂದು ಹಾಸ್ಟೆಲಿನಲ್ಲಿ ಕಲಿಸಿದ್ದರು. ಬಸ್ಸಿನಲ್ಲಿ ಭಾವ ಹೇಳಿದ ಮಾತು ಒಂದೇ: "ಅವ್ವಗ ಈ ಎಣ್ಣಿ ಸುದ್ದಿ ಗೊತ್ತಾಗಬಾರದು. ಗೊತ್ತಾದ್ರ ಕೊಡ ಎರಡಾಗತಾವು."

ಅತ್ತ ಅಕ್ಕನ ನಾಲಿಗೆ ಸುಮ್ಮನಿರುತ್ತದೆಯೇ? "ನಿಮ್ಮ ವರ್ಗಾವಣಿ ಆರ್ಡರ್ ಬರೂದ್ರಾಗ ಅತ್ತಿ ತಾನ ಹೋಗಿ ಹಾಜರಾಗಿ ಬಿಡತಾಳ ನೋಡ್ರಿ" ಎಂದಳು. ಅಂದವಳೇ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

ಆಗ ನನಗೆ ಲಿಂಗಸೂಗೂರಿನ ಗೆಳೆಯನ ನೆನಪಾಯಿತು. ಹಾಸ್ಟೆಲಿನಲ್ಲಿ ನನ್ನ ಪಕ್ಕದ ಹಾಸಿಗೆಯವನು. ಮುಂದೆ ಪಾಸ್ಟರ್ ಆದ, ಈಗ ನಿವೃತ್ತ. ಇಬ್ರಿಯ, ಅಂದರೆ ಹೀಬ್ರೂ ಭಾಷೆ ಕಲಿತವನು. ಸತ್ತವರ ಊರಿನ ವಿಷಯ ಇವನಿಗಲ್ಲದೆ ಯಾರಿಗೆ ಗೊತ್ತಿರಬೇಕು? ಬೆಳಗಿನ ಮೊದಲ ಬಸ್ಸಿಗೆ ಹೊರಟೆವು. ನಾನು ನಿಲ್ದಾಣಕ್ಕೆ ಬೇಗ ಹೋಗಿದ್ದೆ. ಭಾವ ಬಸ್ಸು ಚಲಿಸಿದ ಮೇಲೆ ಅದರ ಎದುರಿಗೆ ನಿಂತು ಹತ್ತಿದರು.

ಪಾಸ್ಟರ್ ಎಲ್ಲವನ್ನೂ ಕೇಳಿ, ಕನ್ನಡಕ ಒರೆಸಿ, ಹೇಳಿದ: "ಇಬ್ರಿಯರ ಹಳೇ ಗ್ರಂಥಗಳೊಳಗ ಷೆಯೋಲ್ ಅಂತ ಒಂದು ಮಾತು ಬರತೈತಿ. ಕನ್ನಡದಾಗ ಪಾತಾಳ ಅಂತ ಓದ್ತೀವಿ. ಸತ್ತವರೆಲ್ಲ ಹೋಗೂ ಜಾಗ."

ಭಾವ ಕುರ್ಚಿಯ ತುದಿಗೆ ಬಂದರು. "ಬೆಂಕಿ?"

"ಹಳೇ ಮಾತಿನಾಗ ಬೆಂಕಿ ಇಲ್ಲರೀ."

"ಎಣ್ಣಿ?"

"ಎಣ್ಣಿ ಯಾಕ?" ಪಾಸ್ಟರ್ ನನ್ನ ಮುಖ ನೋಡಿದ. ನಾನು ಚಾವಣಿ ನೋಡಿದೆ. "ಏನೂ ಇಲ್ಲರೀ. ಕತ್ತಲಿ, ಧೂಳು, ಮೌನ. ಅಷ್ಟ."

"ಒಳ್ಳೆಯವರಿಗೆ ಬ್ಯಾರೆ ಕಡೆ?"

"ಇಲ್ಲ. ಒಳ್ಳೆಯವರು, ಕೆಟ್ಟವರು, ರಾಜ, ಆಳು, ಎಲ್ಲರೂ ಅಲ್ಲೇ."

ಭಾವ ಎದ್ದು ನಿಂತೇ ಬಿಟ್ಟರು. "ಮಾಸ್ತರ, ಕೇಳಿದ್ರೇನು? ಗೌಡನೂ ಅಲ್ಲೇ, ನಾವೂ ಅಲ್ಲೇ, ಒಂದ ಸಾಲಿನಾಗ! ನೆಲದ ಮ್ಯಾಲ ಇಷ್ಟು ಹೋರಾಡಿದ್ರೂ ಆಗದ್ದು ಕೆಳಗ ಆಗಿ ಕುಂತೈತಿ!"

"ಮತ್ತ ಈ ಬೆಂಕಿ ಎಲ್ಲಿಂದ ಬಂತು?" ಎಂದು ನಾನು ಕೇಳಿದೆ. ಮಾಸ್ತರನಿಗೆ ಮೂಲ ಗೊತ್ತಾಗಬೇಕಲ್ಲ!

"ಅದು ಗೆಹೆನ್ನ ಅನ್ನೂ ಬ್ಯಾರೆ ಮಾತು. ಜೆರುಸಲೇಮಿನ ಮಗ್ಗಲ ಇರೂ ಒಂದು ಕಣಿವಿ ಹೆಸರಿನಿಂದ ಬಂದದ್ದು. ಆಮ್ಯಾಲ ಮಂದಿ ಎರಡನ್ನೂ ಕೂಡಿಸಿಬಿಟ್ರು."

"ನೋಡ್ರಿ, ನೋಡ್ರಿ!" ಭಾವ ತೊಡೆ ತಟ್ಟಿಕೊಂಡರು. "ಎರಡು ಬ್ಯಾರೆ ಬ್ಯಾರೆ ಆಫೀಸು! ಕಡತ ಕಲಸಿ ಇಟ್ಟಾರ! ಪಾಪ, ಎಷ್ಟು ಮಂದಿ ತಪ್ಪು ಆಫೀಸಿನಾಗ ಕುಂತಾರೋ ಏನೋ. ಇರಲಿ, ಷೆಯೋಲ್ ಅಂದ್ರ ಅರ್ಥ ಏನ್ರಿ? ಅವ್ವ ಕೇಳ್ತಾಳ."

ಪಾಸ್ಟರ್ ಮೆಲ್ಲಗೆ ನಕ್ಕ. "ಅದೇ ಪಂಚಾಯ್ತಿ. ಕೆಲವರು ‘ಕೇಳು’ ಅನ್ನೂ ಮಾತಿನಿಂದ ಬಂತು ಅಂತಾರ. ಎಷ್ಟು ಮಂದಿ ಹೋದ್ರೂ ಸಾಕು ಅನ್ನದ, ಇನ್ನೂ ಕೊಡು ಅಂತ ಕೇಳೂ ಜಾಗ. ಇಲ್ಲಾ, ಬದುಕಿದ್ದವರು ಸತ್ತವರಿಗೆ ಪ್ರಶ್ನಿ ಕೇಳೂ ಜಾಗ. ಇನ್ನ ಕೆಲವರು ಟೊಳ್ಳು, ತಗ್ಗು ಅಂತಾರ. ಮತ್ತ ಕೆಲವರು ಹಾಳುಬಿದ್ದ ನೆಲ ಅಂತಾರ. ಸುತ್ತಮುತ್ತಲಿನ ಭಾಷೆಯೊಳಗೂ ಜಾಡು ಸರಿಯಾಗಿ ಸಿಗೂದಿಲ್ಲ. ಖಾತ್ರಿ ಯಾರಿಗೂ ಇಲ್ಲರೀ."

"ಇಷ್ಟು ಕಾಲ ಆದ್ರೂ ಕಡತ ವಿಲೇವಾರಿ ಆಗಿಲ್ಲ!" ಭಾವ ತಲೆ ಅಲ್ಲಾಡಿಸಿದರು. ಆದರೆ ಆ ದನಿಯಲ್ಲಿ ಬೇಸರವಿರಲಿಲ್ಲ, ಒಂದು ಬಗೆಯ ಗೌರವವಿತ್ತು. ಹಾಗೆ ನೋಡಿದರೆ, ಸೇವೆಯ ಉದ್ದಕ್ಕೂ ಅವರು ಪೂಜಿಸಿದ್ದು ವಿಲೇವಾರಿಯಾಗದ ಕಡತಗಳನ್ನೇ ಅಲ್ಲವೇ?

ಹೊರಡುವಾಗ ಪಾಸ್ಟರ್ ಅವರ ಕೈ ಹಿಡಿದುಕೊಂಡ. "ಒಂದು ಮಾತು ಹೇಳಬೇಕ್ರಿ. ಅಲ್ಲಿ ಸುಖ ಅಂತೂ ಇಲ್ಲ."

"ಸುಖ ಯಾರಿಗೆ ಬೇಕಾಗೇತ್ರಿ?" ಎಂದರು ಭಾವ. "ಬೆಂಕಿ ಇಲ್ಲದಿದ್ರ ಸಾಕು."

ಇಷ್ಟಾದ ಮೇಲೆ ನೇರ ಮನೆಗೆ ಹೋಗಿ ಅವ್ವನಿಗೆ ಹೇಳಬಹುದಿತ್ತಲ್ಲ? ಇಲ್ಲ. ಆದೇಶ ಹೊರಡಿಸುವ ಮುಂಚೆ ನಾಕು ಜನರ ಅಭಿಪ್ರಾಯ ಪಡೆಯಬೇಕಂತೆ! ಅದಕ್ಕೆ ಅವರು ಆರಿಸಿಕೊಂಡದ್ದು ಮರುದಿನ ಬೆಳಿಗ್ಗೆ ಗೊರೇಬಾಳದಲ್ಲಿ ನಡೆದ ಒಂದು ಮಣ್ಣನ್ನು, ಅಂದರೆ ಶವಸಂಸ್ಕಾರವನ್ನು. ನನ್ನ ಬೈಕಿನಲ್ಲೇ ಹೋದೆವು. ಸತ್ತವರು ಬಹಳ ದೈವಭಕ್ತರಾದ ಒಬ್ಬ ಹಿರಿಯರು, ಭಾವನ ಕಚೇರಿಯಲ್ಲಿದ್ದವರೊಬ್ಬರ ತಂದೆ. ಜನ ಇನ್ನೂ ಕುಣಿಯ ಸುತ್ತ ನಿಂತಿದ್ದಾರೆ. ಭಾವ ಸತ್ತವರ ಮಗನ ಹೆಗಲ ಮೇಲೆ ಕೈಯಿಟ್ಟು ಸಮಾಧಾನ ಹೇಳಿದರು:

"ಚಿಂತಿ ಮಾಡಬ್ಯಾಡ. ನಿಮ್ಮಪ್ಪ ಷೆಯೋಲಿಗೆ ಹೋಗ್ಯಾನ. ಕತ್ತಲಿ ಐತಿ, ಧೂಳು ಐತಿ, ಆದ್ರ ಬೆಂಕಿ ಇಲ್ಲ. ನಮ್ಮ ತಮ್ಮನೂ ಅಲ್ಲೇ ಅದಾನ, ಜೋಡಿ ಆಗತೈತಿ."

"ಏನಂದ್ರಿ? ನಮ್ಮಪ್ಪ ಕೈಲಾಸಕ್ಕ ಹೋಗ್ಯಾನ್ರಿ! ನಿಮ್ಮ ಕುಡುಕ ತಮ್ಮನ ಜೋಡಿ ಕುಂಡ್ರಾಕ ಅಲ್ಲ!"

"ಹಂಗಲ್ಲೋ, ಅಲ್ಲಿ ಎಲ್ಲರೂ ಒಂದ..."

"ಎಲ್ಲರೂ ಒಂದ ಆಗೂದಾದ್ರ ನಮ್ಮಪ್ಪ ಜೀವಮಾನಾ ಉಪವಾಸ ಯಾಕ ಮಾಡಬೇಕಿತ್ರಿ?"

ಪ್ರಶ್ನೆ ನ್ಯಾಯವಾದದ್ದೇ. ಸುತ್ತ ನಿಂತವರೂ ಹೌದೆಂದರು. ಇದರಲ್ಲಿ ನನಗೆ ತಿಳಿದದ್ದು ಇಷ್ಟು: ತಮ್ಮ ಮನೆಯ ಸತ್ತವರಿಗೆ ಎಲ್ಲರೂ ಒಳ್ಳೆಯ ಜಾಗ ಕೇಳುತ್ತಾರೆ, ಪರವಾಗಿಲ್ಲ. ಆದರೆ ಪಕ್ಕದ ಮನೆಯ ಸತ್ತವರಿಗೆ ಅದು ಸಿಗಬಾರದು ಎನ್ನುವುದರಲ್ಲೇ ಅದರ ರುಚಿ ಇರುವುದು! ಭಾವನನ್ನು ಬೈಕಿನ ಹಿಂದೆ ಕೂರಿಸಿಕೊಂಡು ನಾನು ಲಗುಬಗೆಯಿಂದ ಊರು ಬಿಟ್ಟೆ. ಯಾರೋ ಮಣ್ಣಿನ ಹೆಂಟೆ ಎತ್ತಿಕೊಂಡಿದ್ದನ್ನು ಕನ್ನಡಿಯಲ್ಲಿ ನೋಡಿದ್ದೆ.

ಮನೆಗೆ ಬಂದಾಗ ಅವ್ವ ಕಟ್ಟೆಯ ಮೇಲೆ ಎಲೆಯಡಿಕೆ ಕುಟ್ಟುತ್ತ ಕೂತಿದ್ದಳು. ಬಚ್ಚಿಟ್ಟಲ್ಲಿಂದ ಹುಡುಕಿ ತೆಗೆದು ತುಂಬಿಸಿದ ಕೊಡ ಪಕ್ಕದಲ್ಲೇ ಇತ್ತು. ಇನ್ನೇನು ಬಿಸಿಲು ನೆತ್ತಿಗೆ ಬರುವ ಹೊತ್ತು. ಭಾವ ಕೊಡಕ್ಕೂ ಅವ್ವನಿಗೂ ನಡುವೆ ಕುಕ್ಕರಗಾಲಿನಲ್ಲಿ ಕೂತರು.

"ಯವ್ವಾ, ತಮ್ಮ ನರಕದಾಗ ಇಲ್ಲ."

"ಮತ್ತ ಶುರು ಹಚ್ಚಿದಿ?"

"ಕೇಳು ಸ್ವಲ್ಪ. ಲಿಂಗಸೂಗೂರ ತನಕ ಹೋಗಿ ವಿಚಾರಸ್ಕೊಂಡು ಬಂದೀನಿ. ಅಂವ ಇರೂ ಜಾಗಕ್ಕ ಷೆಯೋಲ್ ಅಂತಾರ. ಬಹಳ ಹಳೇ ಜಾಗ. ಅಲ್ಲಿ ಬೆಂಕಿ ಇಲ್ಲ."

ಕುಟ್ಟುವ ಸದ್ದು ನಿಂತಿತು. ಅವ್ವ ನನ್ನ ಕಡೆ ನೋಡಿದಳು. "ಖರೇನೇನಪಾ ಮಾಸ್ತರ?"

ನಾನು ಸುಳ್ಳು ಹೇಳುವವನಲ್ಲ. ಹೇಳಬೇಕಾಗಲಿಲ್ಲ, ಅದೇ ಒಂದು ಪುಣ್ಯ. "ಖರೆ ರೀ ಅವ್ವಾರ. ಆ ಮಾತಿನಾಗ ಬೆಂಕಿ ಇಲ್ಲ."

"ಮತ್ತ ಏನೈತಿ?"

"ಕತ್ತಲಿ" ಎಂದರು ಭಾವ. "ಧೂಳು. ಗದ್ದಲ ಇಲ್ಲ."

"ಧೂಳು ಅಂದಿ. ನೀರು ಐತೇನು?"

ಭಾವ ನನ್ನನ್ನು ನೋಡಿದರು. ನಾನು ಅವರನ್ನು ನೋಡಿದೆ. "ಅದೊಂದು ಕೇಳಲಿಲ್ಲಬೇ."

"ಊರೂರು ತಿರಗಿದಿ, ನೀರು ಐತೋ ಇಲ್ಲೋ ಅಷ್ಟ ಕೇಳಲಿಲ್ಲ! ಕಾಲುವಿ ಆಫೀಸಿನಾಗ ಇದ್ದಾಂವ ಬ್ಯಾರೆ!" ಬಾಗಿಲ ಹಿಂದೆ ಅಕ್ಕ ನಕ್ಕ ಸದ್ದು ಕೇಳಿಸಿತು. ಅವ್ವ ಕೊಡದ ಕಡೆ ನೋಡಿದಳು. "ಬೆಂಕಿ ಇಲ್ಲಂದ ಮ್ಯಾಲ ಮಧ್ಯಾಹ್ನದಾಗ ಓಡೂ ಗಡಿಬಿಡಿ ಇಲ್ಲ ಬಿಡು. ತಂಪೊತ್ತಿನ್ಯಾಗ ಹಾಕಿದ್ರೂ ನಡೀತೈತಿ. ಅಲ್ಲಿ ಯಾರ್ಯಾರು ಅದಾರ?"

"ಎಲ್ಲರೂ ಅದಾರ. ಅಪ್ಪನೂ ಅಲ್ಲೇ."

"ನಾ ಹೋದ್ರ?"

ಭಾವ ಕೊರಳಿನ ಮಫ್ಲರ್ ಸಡಿಲ ಮಾಡಿಕೊಂಡರು. "ನೀನೂ ಅಲ್ಲೇ. ನಾನೂ ಅಲ್ಲೇ."

ಅವ್ವನ ಮುಖದಲ್ಲಿ ನಾನು ಎಷ್ಟೋ ತಿಂಗಳಿಂದ ಕಾಣದ ಒಂದು ನಗು ಬಂತು. "ಹಂಗಾರ ಚಿಂತಿಲ್ಲ. ಅಂವ ಜಾಗ ಹಿಡದಿರತಾನ. ರಾಯಚೂರ ದವಾಖಾನಿಗೆ ಹೋಗುವಾಗ ಬಸ್ಸು ಎಷ್ಟ ತುಂಬಿರಲಿ, ಹೆಗಲ ಮ್ಯಾಲಿನ ವಲ್ಲಿ ಕಿಟಕ್ಯಾಗಿಂದ ಒಗದು ನನಗ ಸೀಟು ಹಿಡೀತಿದ್ದ. ಕುಡದಿದ್ರೂ ಹಿಡೀತಿದ್ದ. ತಾ ನಿಂತ ಬರತಿದ್ದ." ಮತ್ತೆ ಕುಟ್ಟತೊಡಗಿದಳು. "ನನ್ನ ಮೊಣಕಾಲು ಸೋತಾವೋ ಮಗನ. ಅಂವ ಧೂಳಿನಾಗ ಅದಾನ. ಗಂಟಲು ಒಣಗಿರತೈತಿ."

ಹೋಗುತ್ತೀಯೇನು ಎಂದು ಈ ಸಲ ಅವಳು ಕೇಳಲಿಲ್ಲ.

ಮರುದಿನ ಬೆಳಗಿನ ತಿರುಗಾಟಕ್ಕೆ ಹೊರಟವನು, ಎಂದೂ ದಾರಿ ಬದಲಿಸದವನು, ಯಾಕೋ ಸುಡುಗಾಡಿನ ಕಡೆ ತಿರುಗಿದೆ. ಇನ್ನೂ ಬಿಸಿಲು ಬಿದ್ದಿರಲಿಲ್ಲ. ಗರಿಕೆ ಬೆಳೆದ ಆ ಕುಣಿಯ ಹತ್ತಿರ ಭಾವ ನಿಂತಿದ್ದರು. ಹೆಗಲ ಮೇಲೆ ಕೊಡ, ಅಂಗಿಯೆಲ್ಲ ಒದ್ದೆ. ನನ್ನನ್ನು ನೋಡಿ ಮುಜುಗರಪಟ್ಟರು.

"ಬೆಂಕಿ ಇಲ್ಲಂತ ನನಗೂ ಗೊತ್ತೈತಿ ಮಾಸ್ತರ. ನೀರು ಮುಟ್ಟೂದಿಲ್ಲಂತನೂ ಗೊತ್ತೈತಿ."

ನಾನು ಹೋಗಿ ಕೊಡದ ತಳ ಹಿಡಿದುಕೊಂಡೆ. ಇಬ್ಬರೂ ಕೂಡಿ ಬಗ್ಗಿಸಿದೆವು. ಸಸಿಗೆ ಬಿಡುವ ಹಾಗೆ ಸಣ್ಣ ಧಾರೆಯಲ್ಲಿ, ತಲೆಯ ಕಡೆಯಿಂದ ಕಾಲಿನ ಕಡೆಗೆ, ಅವರು ನೀರು ಬಿಟ್ಟರು. ಮಣ್ಣು ಅಷ್ಟನ್ನೂ ಕುಡಿಯಿತು. ಖಾಲಿ ಕೊಡ ಕೆಳಗಿಟ್ಟು ಭಾವ ಸ್ವಲ್ಪ ಬಗ್ಗಿದರು. ಎಮ್ಮೆ, ಬೆಂಡೋಲೆ, ಅಷ್ಟೂ ವರ್ಷದ ಮೌನ ಎಲ್ಲವನ್ನೂ ದಾಟಿ ತಮ್ಮನ ಕೂಡ ಮಾತಾಡಿದರು.

"ಲೇ... ಅವ್ವ ಬರೂದು ಇನ್ನೂ ತಡ ಐತಿ. ಬಂದಾಗ ಕಿಟಕಿ ಕಡೆ ಸೀಟು ಹಿಡಿ."